ಮದ್ಯಸಾರದ ಬಣ್ಣವೂ ಚಿತ್ರದ ಬಾಳಿಕೆಯೂ

೧

ಅರಿಸಿನದಲ್ಲಿ ಅದ್ದಿದ ಬಟ್ಟೆಯನ್ನು ದಿನವೂ ಬಿಸಿಲಿಗೆ ಹರವಿದರೆ ಅದರ ಬಣ್ಣ ಬಹುಬೇಗ ಮಾಸಿಹೋಗುವುದೆಂಬುದು ಎಲ್ಲ ಮನೆಗಳಲ್ಲಿಯೂ ತಿಳಿದ ಸಂಗತಿ. ಉತ್ತರ ಕನ್ನಡದ ಹಳೆಯ ದೇವಾಲಯಗಳ ಗೋಡೆಗಳಲ್ಲಿ ಕಾವಿಯಿಂದ ಮೂಡಿಸಿದ ಚಿತ್ರಗಳಾದರೋ ಎಷ್ಟೋ ತಲೆಮಾರುಗಳ ಬಿಸಿಲುಮಳೆಗಳನ್ನು ಕಂಡೂ ತಮ್ಮ ಕೆಂಪನ್ನು ಬಿಟ್ಟುಕೊಟ್ಟಿಲ್ಲ. ಎರಡೂ ಬಣ್ಣವೇ, ಕಣ್ಣು ಎರಡನ್ನೂ ಮೆಚ್ಚುವುದು. ಆದರೆ ಅವುಗಳ ಹುಟ್ಟುಗುಣದಲ್ಲಿ ಭೇದವುಂಟು. ಅರಿಸಿನದ ಬಣ್ಣ ಕರಗಿ ನೂಲಿನೊಳಕ್ಕೆ ಇಳಿಯತಕ್ಕದ್ದು. ಅದರ ಅಣುಗಳು ಬಿಡಿಬಿಡಿಯಾಗಿ ಬೆಳಕಿಗೆ ಮೈಯೊಡ್ಡಿಕೊಂಡಿರುವುವು. ಕಾವಿಯೆಂಬುದು ಮಣ್ಣು, ಕರಗದೆ ಪುಡಿಯಾಗಿಯೇ ಉಳಿದು ಗಾರೆಗೆ ಅಂಟಿಕೊಳ್ಳತಕ್ಕದ್ದು. ಅದರ ಕೆಂಪು ಕಬ್ಬಿಣದ ತುಕ್ಕಿನ ಕೆಂಪು. ಆಗಲೇ ತುಕ್ಕಾಗಿರುವ ಕಬ್ಬಿಣವನ್ನು ಗಾಳಿಬೆಳಕುಗಳು ಇನ್ನೇನು ಮಾಡಿಯಾವು? ಮೊದಲನೆಯದನ್ನು ಕರಗುಬಣ್ಣವೆಂದೂ ಎರಡನೆಯದನ್ನು ಪುಡಿಬಣ್ಣವೆಂದೂ ಕರೆಯಬಹುದು.

ಇನ್ನೊಂದು ಸಣ್ಣ ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಅರಿಸಿನದ ಹಳದಿ ತಣ್ಣೀರಿನಲ್ಲಿ ಅಷ್ಟಾಗಿ ಕರಗದು. ಮದ್ಯಸಾರದಲ್ಲಿ, ಎಂದರೆ ಅಂಗಡಿಯವರು ಸ್ಪಿರಿಟ್ಟೆಂದು ಮಾರುವ ದ್ರವದಲ್ಲಿ, ಕೂಡಲೆ ಕರಗಿ ಹೊಳೆಯುವ ಹಳದಿ ನೀರಾಗುವುದು. ನೀರಿಗೆ ಒಲಿಯದ ಎಷ್ಟೋ ಬಣ್ಣಗಳು ಮದ್ಯಸಾರಕ್ಕೆ ಒಲಿಯುತ್ತವೆ. ಇಂದು ಕಾಗದದ ಅಂಗಡಿಗಳಲ್ಲಿ ಮಾರ್ಕರ್ ಎಂಬ ಹೆಸರಿನಿಂದ ದೊರೆಯುವ ಬಣ್ಣದ ಲೇಖನಿಗಳಲ್ಲಿ ಚಿತ್ರಗಾರರು ವಿಶೇಷವಾಗಿ ಆರಿಸಿಕೊಳ್ಳುವ ಒಂದು ಜಾತಿಯ ಗುಟ್ಟು ಇಷ್ಟೇ: ಕರಗುಬಣ್ಣ, ಅದನ್ನು ಹೊತ್ತು ತರುವ ಮದ್ಯಸಾರ, ಎರಡನ್ನೂ ಕಾಗದಕ್ಕೆ ಇಳಿಸುವ ಒಂದು ಬತ್ತಿ. ಈ ಮೂರೂ ಒಂದೆಡೆ ಕೂಡಲು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಕೂಡಿದ ಮೇಲೆ ಅರಿಸಿನದ ಬಟ್ಟೆಯ ಹಳೆಯ ಪ್ರಶ್ನೆಯೇ ಚಿತ್ರಕಲೆಯ ಮುಂದೆ ಮತ್ತೆ ಬಂದು ನಿಂತಿತು.

೨

ಇದರ ಮೊದಲ ಪ್ರಕರಣ ನಡೆದುದು ಚಿತ್ರಶಾಲೆಯಲ್ಲಲ್ಲ, ಲಂಡನ್ ನಗರದ ಒಂದು ಮನೆಯ ಪ್ರಯೋಗದ ಕೋಣೆಯಲ್ಲಿ. ೧೮೫೬ರ ಈಸ್ಟರ್ ರಜೆಯಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ ಚಳಿಜ್ವರಕ್ಕೆ ಮದ್ದಾದ ಕ್ವಿನೈನನ್ನು ಕೃತಕವಾಗಿ ತಯಾರಿಸಬಹುದೇ ಎಂದು ಪರೀಕ್ಷಿಸುತ್ತಿದ್ದನು. ಕ್ವಿನೈನು ಆಗ ಸಿಂಕೋನ ಮರದ ತೊಗಟೆಯಿಂದ ಮಾತ್ರವೇ ದೊರೆಯುತ್ತಿದ್ದಿತು. ಹಾಫ್‌ಮನ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞನ ಶಿಷ್ಯನಾದ ಈ ಹುಡುಗನು ಕಲ್ಲಿದ್ದಲ ಡಾಂಬರಿನಿಂದ ಬರುವ ಅನಿಲೀನ್ ಎಂಬ ದ್ರವ್ಯವನ್ನು ತೆಗೆದುಕೊಂಡು ಪ್ರಯೋಗ ಮಾಡಿದಾಗ ದೊರೆತುದು ಮದ್ದಲ್ಲ, ಒಂದು ಕರಿಯ ಗಷ್ಟು. ಇನ್ನೊಬ್ಬನಾಗಿದ್ದರೆ ಅದನ್ನು ಚೆಲ್ಲಿಬಿಡುತ್ತಿದ್ದನು. ಪರ್ಕಿನ್ ಅದಕ್ಕೆ ಮದ್ಯಸಾರವನ್ನು ಹೊಯ್ದು ನೋಡಿದನು. ದ್ರವವೆಲ್ಲವೂ ಚೆಲುವಾದ ನೇರಳೆಯ ಬಣ್ಣಕ್ಕೆ ತಿರುಗಿತು.

ಮನುಷ್ಯನು ಡಾಂಬರಿನಿಂದ ತೆಗೆದು ವ್ಯಾಪಾರಕ್ಕೆ ತಂದ ಮೊದಲ ಕೃತಕ ಬಣ್ಣವಿದು. ಇದಕ್ಕೆ ಮೋವ್ ಎಂದು ಹೆಸರಾಯಿತು. ಮರುವರ್ಷವೇ ಪರ್ಕಿನ್ನನ ಕುಟುಂಬದವರು ಇದಕ್ಕೆಂದು ಒಂದು ಕಾರ್ಖಾನೆಯನ್ನು ಕಟ್ಟಿಸಿದರು. ೧೮೫೮ರಲ್ಲಿ ವಿಕ್ಟೋರಿಯ ರಾಣಿಯು ಮಗಳ ಮದುವೆಗೆ ಈ ಛಾಯೆಯ ಉಡುಪನ್ನು ಧರಿಸಿದಳು. ಮುಂದಿನ ವರ್ಷ ಫ್ರಾನ್ಸಿನಲ್ಲಿ ಮಜೆಂಟ ಬಣ್ಣ ಹುಟ್ಟಿತು. ಅನಂತರ ಬಗೆಬಗೆಯ ಕೆಂಪು, ಹಸುರು, ನೀಲಿಗಳು ಸಾಲಾಗಿ ಬಂದುವು. ಇವುಗಳ ಕಾಂತಿಗೆ ಹಳೆಯ ಮಣ್ಣುಬಣ್ಣಗಳು ಎಣೆಯಾಗಲಾರದೆ ಹೋದುವು. ಇವುಗಳಲ್ಲಿ ಅನೇಕಕ್ಕೆ ಬೆಳಕಿನ ಮುಂದೆ ಧೈರ್ಯ ಸಾಲದೆಂಬುದೂ ಅಷ್ಟೇ ಬೇಗ ತಿಳಿದುಬಂದಿತು. ಮುಂದೆ ಮಾರ್ಕರ್ ಲೇಖನಿಯು ಹೊತ್ತುಕೊಂಡದ್ದು ಈ ಕೃತಕ ವರ್ಣಗಳ ವಂಶವನ್ನೇ. ಆದಕಾರಣ ಅದರ ಕಾಂತಿಯೂ ಅದರ ದೌರ್ಬಲ್ಯವೂ ಒಂದೇ ಮನೆತನದಿಂದ ಬಂದವು.

೩

ಇನ್ನು ಬತ್ತಿಯ ಕಥೆ. ದೀಪದ ಬತ್ತಿಯು ಎಣ್ಣೆಯನ್ನು ತಾನಾಗಿಯೇ ಮೇಲಕ್ಕೆ ಹೀರಿಕೊಳ್ಳುವಂತೆ, ಉಣ್ಣೆಯನ್ನು ಒತ್ತಿ ದಟ್ಟಮಾಡಿದ ಫೆಲ್ಟ್ ಎಂಬ ವಸ್ತುವಿನ ತುಂಡೊಂದು ಮಸಿಯನ್ನು ಹೀರಿ ಕಾಗದಕ್ಕೆ ಕೊಡಬಲ್ಲುದು. ಅಮೆರಿಕದಲ್ಲಿ ೧೯೧೦ರಷ್ಟು ಹಿಂದೆಯೇ ಲೀ ನ್ಯೂಮನ್ ಎಂಬವನು ಫೆಲ್ಟಿನ ಮೊನೆಯುಳ್ಳ ಲೇಖನಿಯೊಂದಕ್ಕೆ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಅಂತಹ ಲೇಖನಿಯು ಜನರ ಕೈಗೆ ಬಳಕೆಯಾಗಿ ಬಂದುದು ೧೯೫೦ರ ದಶಕದ ಆರಂಭದಲ್ಲಿ. ಆಗ ಅಮೆರಿಕದ ಸಿಡ್ನಿ ರೋಸೆಂಥಾಲ್ ಎಂಬವನು ಗಿಡ್ಡನೆಯ ಗಾಜಿನ ಸೀಸೆಯಲ್ಲಿ ಮಸಿಯನ್ನು ತುಂಬಿ, ಅದರ ಬಾಯಿಗೆ ಫೆಲ್ಟಿನ ಬತ್ತಿಯನ್ನಿಟ್ಟು, ಮ್ಯಾಜಿಕ್ ಮಾರ್ಕರ್ ಎಂಬ ಹೆಸರಿನಿಂದ ಮಾರಲು ತೊಡಗಿದನು. ಜಪಾನಿನಲ್ಲಿಯೂ ತೆರಾನಿಶಿ ಎಂಬ ರಾಸಾಯನಿಕ ಸಂಸ್ಥೆಯು ೧೯೫೩ರಲ್ಲಿ ಮ್ಯಾಜಿಕ್ ಇಂಕ್ ಎಂಬುದನ್ನು ಹೊರತಂದಿತು. ಈ ಲೇಖನಿಗಳು ಹುಟ್ಟಿದುದು ಚಿತ್ರ ಬರೆಯುವುದಕ್ಕಲ್ಲ. ಪೆಟ್ಟಿಗೆ, ಗಾಜು, ತಗಡು ಮೊದಲಾದವುಗಳ ಮೇಲೆ ಗುರುತು ಹಾಕುವುದಕ್ಕೆ. ಮಾರ್ಕರ್ ಎಂಬ ಹೆಸರಿಗೆ ಗುರುತು ಹಾಕುವ ಸಾಧನವೆಂದೇ ಅರ್ಥ.

೧೯೬೨ರಲ್ಲಿ ತೋಕ್ಯೋ ನಗರದ ಯುಕಿಯೊ ಹೋರಿಯೆ ಎಂಬವನು ಫೆಲ್ಟಿಗೆ ಬದಲಾಗಿ ಕೃತಕ ನಾರಿನ ಎಳೆಗಳನ್ನು ಬಿಗಿಯಾಗಿ ಕಟ್ಟಿ ಗಟ್ಟಿಯಾದ, ಸೂಕ್ಷ್ಮವಾದ ಮೊನೆಯನ್ನು ಮಾಡಿದನು. ಅದರಲ್ಲಿದ್ದುದು ನೀರಿನ ಮಸಿ. ಆದರೂ ಈ ಮೊನೆಯ ಉಪಕಾರವನ್ನು ಮುಂದಣ ಲೇಖನಿಗಳೆಲ್ಲವೂ ಪಡೆದುವು. ಕುಂಚದ ಹಾಗೆ ಬಾಗುವ ಗೆರೆ, ಲೋಹದ ಮೊನೆಯ ಹಾಗೆ ತೆಳುವಾದ ಗೆರೆ ಎರಡೂ ಒಂದೇ ಕೊಳವೆಯಿಂದ ಬರುವುದು ಸಾಧ್ಯವಾಯಿತು.

ಈ ಸಾಧನವನ್ನು ಮೊದಲು ಚಿತ್ರಕ್ಕೆ ಒಗ್ಗಿಸಿಕೊಂಡವರು ಕಟ್ಟಡಗಳ ನಕ್ಷೆ ಬರೆಯುವವರು, ಜಾಹಿರಾತುಗಳನ್ನು ರೂಪಿಸುವವರು, ಮೋಟಾರು ಬಂಡಿಗಳ ಆಕಾರವನ್ನು ಕಲ್ಪಿಸುವವರು. ಅವರಿಗೆ ಬೇಕಾಗಿದ್ದುದು ಶೀಘ್ರತೆ. ಯಜಮಾನನ ಮುಂದೆ ಬೆಳಗ್ಗೆ ಇಡಬೇಕಾದ ಹತ್ತು ಚಿತ್ರಗಳಿಗೆ ಜಲವರ್ಣ ಒಣಗುವ ತನಕ ಕಾದು ಕುಳಿತರೆ ಕೆಲಸ ಸಾಗುವಂತಿರಲಿಲ್ಲ. ಆ ಚಿತ್ರಗಳಿಗೆ ಆಯುಷ್ಯವನ್ನು ಯಾರೂ ಬಯಸಿರಲಿಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟಾರು ಕಂಪೆನಿಗಳಲ್ಲಿ ಹೊಸ ಬಂಡಿಯ ರೂಪದ ಗುಟ್ಟು ಹೊರಬೀಳಬಾರದೆಂದು ಕೆಲಸ ಮುಗಿದ ಮೇಲೆ ಚಿತ್ರಗಳನ್ನು ನಾಶಮಾಡುವುದೇ ವಾಡಿಕೆಯಾಗಿದ್ದಿತು. ಹೇಗೋ ಹೊರಗೆ ಬಂದು ಉಳಿದುಕೊಂಡವು ಕೆಲವೇ. ೨೦೨೦ರಲ್ಲಿ ಅದೇ ನಗರದ ಕಲಾಸಂಸ್ಥೆಯು ಎಪ್ಪತ್ತು ವರ್ಷಗಳ ಮೋಟಾರು ವಿನ್ಯಾಸವನ್ನು ಕುರಿತು ಏರ್ಪಡಿಸಿದ ಪ್ರದರ್ಶನದಲ್ಲಿ ಬಂಡಿಗಳ ಪಕ್ಕದಲ್ಲಿ ವಿನ್ಯಾಸಕಾರರ ಚಿತ್ರಗಳೂ ಗೋಡೆಯನ್ನೇರಿ ಗೌರವ ಪಡೆದುವು. ಕಸದ ಬುಟ್ಟಿಗೆಂದು ಹುಟ್ಟಿದುದು ಕಲಾಮಂದಿರಕ್ಕೆ ಬಂದಾಗ ಬಾಳಿಕೆಯ ಪ್ರಶ್ನೆ ಏಳದೆ ಇರುವುದೇ?

೪

ಮೊದಮೊದಲಿನ ಮಾರ್ಕರ್ ಲೇಖನಿಗಳಲ್ಲಿ ಬಣ್ಣವನ್ನು ಕರಗಿಸಲು ಬಳಸುತ್ತಿದ್ದುದು ಬಹುಮಟ್ಟಿಗೆ ಕ್ಸೈಲೀನ್, ಟಾಲ್ಯುಯೀನ್ ಎಂಬ ಉಗ್ರದ್ರವಗಳನ್ನು. ಅವುಗಳ ವಾಸನೆ ತಲೆನೋವು ತರತಕ್ಕದ್ದು. ಮುಚ್ಚಿದ ಕೋಣೆಯಲ್ಲಿ ದಿನವೆಲ್ಲ ಕೆಲಸಮಾಡುವವರಿಗೆ ಅಪಾಯಕರವಾದದ್ದು. ಇದೊಂದು ತೊಡಕು. ಇನ್ನೊಂದು ತೊಡಕು ನಕಲು ಯಂತ್ರದಿಂದ ಬಂದಿತು. ೧೯೫೯ರಲ್ಲಿ ಪ್ರಕಟವಾದ ಜ಼ೆರಾಕ್ಸ್ ಯಂತ್ರವು ಅಮೆರಿಕದ ಕಚೇರಿಗಳನ್ನು ಪ್ರವೇಶಿಸಿದ ಮೇಲೆ ವಿನ್ಯಾಸಕಾರರು ತಮ್ಮ ಗೆರೆಚಿತ್ರವನ್ನು ನಕಲು ತೆಗೆದು ಆ ನಕಲುಗಳ ಮೇಲೆ ಬೇರೆಬೇರೆ ಬಣ್ಣಗಳನ್ನು ಹಾಕಿ ನೋಡುವುದು ರೂಢಿಯಾಯಿತು. ಆದರೆ ನಕಲು ಯಂತ್ರದ ಕರಿಯ ಗೆರೆಯು ಮಸಿಯಲ್ಲ. ರಾಳದಂತಹ ದ್ರವ್ಯದೊಡನೆ ಬೆರೆತ ಕರಿಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟಿಕೊಂಡದ್ದು. ಕ್ಸೈಲೀನ್ ಸೋಂಕಿದೊಡನೆ ಆ ರಾಳ ಕರಗಿ, ಗೆರೆಯೆಲ್ಲವೂ ಕದಡಿ, ಬಣ್ಣ ಮಲಿನವಾಗುತ್ತಿದ್ದಿತು.

ಮದ್ಯಸಾರವು ಈ ಎರಡು ತೊಡಕುಗಳನ್ನೂ ಬಿಡಿಸಿತು. ಅದರ ವಾಸನೆ ಸಹ್ಯವಾದದ್ದು. ಕರಗುಬಣ್ಣವನ್ನು ಚೆನ್ನಾಗಿ ಹಿಡಿಯುವುದು, ನಕಲಿನ ರಾಳವನ್ನು ಮಾತ್ರ ಮುಟ್ಟದು. ತೋಕ್ಯೋ ನಗರದಲ್ಲಿ ೧೯೧೯ರಲ್ಲಿ ಇಜುಮಿಯ ಎಂಬ ಹೆಸರಿನಿಂದ ಆರಂಭವಾಗಿ ಇಂದು ಟೂ ಎಂದು ಕರೆಯಿಸಿಕೊಳ್ಳುವ ಸಂಸ್ಥೆಯು ೧೯೮೭ರಲ್ಲಿ ಹೊರತಂದ ಲೇಖನಿಗಳಿಗೆ ಕೋಪಿಕ್ ಎಂದು ಹೆಸರಿಟ್ಟುದು ಈ ಕಾರಣದಿಂದಲೇ. ಕಾಪಿ, ಎಂದರೆ ನಕಲು, ಎಂಬ ಮಾತೇ ಅದರ ಮೂಲ. ನಕಲಿನ ಮೇಲೆ ಬಣ್ಣ ಹಾಕುವುದಕ್ಕಾಗಿ ಹುಟ್ಟಿದ ಲೇಖನಿಯೇ ಮುಂದೆ ಅಸಲು ಚಿತ್ರದ ಸಾಧನವಾದುದು ಈ ಚರಿತ್ರೆಯ ಒಂದು ವಿನೋದ. ೧೯೯೩ರಲ್ಲಿ ಕುಂಚದಂತೆ ಬಾಗುವ ಮೊನೆಯುಳ್ಳ ಸ್ಕೆಚ್ ಎಂಬ ಬಗೆ ಬಂದ ಮೇಲೆ ಜಪಾನಿನ ಚಿತ್ರಕಥೆಗಾರರು ಬಣ್ಣದ ಪುಟಗಳಿಗೂ ಹೊದಿಕೆಯ ಚಿತ್ರಗಳಿಗೂ ಇವನ್ನು ಬಹಳವಾಗಿ ಬಳಸಿದರು. ಅವರ ಪುಸ್ತಕಗಳೊಡನೆ ಈ ಲೇಖನಿಯ ಕೀರ್ತಿಯೂ ದೇಶಾಂತರಗಳಿಗೆ ಹೋಯಿತು. ಕೊನೆಗೆ ೩೫೮ ಬಣ್ಣಗಳವರೆಗೆ ಬೆಳೆದ ಈ ಕುಟುಂಬದಲ್ಲಿ ಪ್ರತಿಯೊಂದಕ್ಕೂ ಅಕ್ಷರ ಅಂಕೆಗಳ ಒಂದು ಗುರುತುಂಟು. ಅಕ್ಷರವು ಬಣ್ಣದ ಕುಲವನ್ನೂ ಕೊನೆಯ ಅಂಕೆಯು ಅದರ ತಿಳಿಕಡುಗಳನ್ನೂ ಸೂಚಿಸುತ್ತವೆ. ಮಸಿ ತೀರಿದರೆ ತುಂಬಿಕೊಳ್ಳಬಹುದು; ಮೊನೆ ಸವೆದರೆ ಬದಲಿಸಬಹುದು.

೫

ಈ ಲೇಖನಿಯನ್ನು ಕೈಗೆ ತೆಗೆದುಕೊಂಡವನಿಗೆ ಮೊದಲು ಕಾಣುವ ಗುಣವೆಂದರೆ ಕಾಗದ ಸುಕ್ಕಾಗದಿರುವುದು. ನೀರು ಕಾಗದದ ನಾರುಗಳನ್ನು ಉಬ್ಬಿಸುವುದರಿಂದ ಜಲವರ್ಣದ ಹಾಳೆ ಅಲೆಯಲೆಯಾಗುವುದು. ಮದ್ಯಸಾರವು ನಾರುಗಳನ್ನು ಅಷ್ಟಾಗಿ ಉಬ್ಬಿಸದೆ ಕ್ಷಣದಲ್ಲಿ ಆರಿಹೋಗುವುದು. ಆರಿದ ಬಣ್ಣದ ಮೇಲೆ ನೀರು ಬಿದ್ದರೂ ಅದು ಸುಲಭವಾಗಿ ಕದಲದು. ಮತ್ತೆ ಮದ್ಯಸಾರ ಸೋಂಕಿದರೆ ಮಾತ್ರ ಪುನಃ ಕರಗಿ ಹರಿಯತೊಡಗುವುದು. ಇದರ ವರಗಳೂ ತೊಂದರೆಗಳೂ ಈ ಒಂದು ಗುಣದಿಂದಲೇ ಹುಟ್ಟುವುವು.

ಎರಡು ಛಾಯೆಗಳನ್ನು ಸಂಧಿ ಕಾಣದಂತೆ ಬೆಸೆಯಬೇಕಾದರೆ ಮೊದಲು ತಿಳಿಯದನ್ನು ಹಾಕಿ, ಅದು ಹಸಿಯಾಗಿರುವಾಗಲೇ ಕಡುವಾದುದನ್ನು ತಂದು, ಎರಡರ ಅಂಚಿನ ಮೇಲೆ ಮತ್ತೆ ತಿಳಿಬಣ್ಣದಿಂದ ಎಳೆಯಬೇಕು. ಆಗ ಕಡುಬಣ್ಣವು ಕರಗಿ ತಿಳಿಯದರೊಳಕ್ಕೆ ನಯವಾಗಿ ಇಳಿಯುವುದು. ತಡಮಾಡಿದರೆ ಒಂದರ ಮೇಲೊಂದು ಗೀರು ನಿಲ್ಲುವುದು. ಆತುರಪಟ್ಟು ಹೆಚ್ಚು ಸುರಿದರೆ ಬಣ್ಣ ಗೆರೆಯನ್ನು ಮೀರಿ ಹರಿಯುವುದು, ಹಾಳೆಯ ಬೆನ್ನಿಗೂ ದಾಟುವುದು. ಆದುದರಿಂದಲೇ ಇದಕ್ಕೆಂದು ನುಣುಪಾದ, ಬೆನ್ನಿಗೆ ಲೇಪವುಳ್ಳ ಕಾಗದವನ್ನು ಮಾಡುವುದುಂಟು. ಬಣ್ಣವಿಲ್ಲದೆ ಬರಿಯ ಮದ್ಯಸಾರವನ್ನು ತುಂಬಿದ ಲೇಖನಿಯೂ ಇರುವುದು. ಅದು ಅಳಿಸುವ ಸಾಧನವೆಂದು ಹೊಸಬರು ಭ್ರಮಿಸುವರು. ಅದು ಬಣ್ಣವನ್ನು ಅಳಿಸುವುದಿಲ್ಲ; ಇದ್ದ ಸ್ಥಳದಿಂದ ಆಚೆಗೆ ನೂಕುವುದು ಮಾತ್ರ.

ಈ ಬಣ್ಣಗಳು ಗಾಜಿನಂತೆ ಪಾರದರ್ಶಕ. ಹಳದಿಯ ಮೇಲೆ ನೀಲಿಯನ್ನು ಹಾಕಿದರೆ ಹಸುರು ಕಾಣುವುದು. ಕಪ್ಪಿನ ಮೇಲೆ ಬಿಳಿಯನ್ನು ತರುವುದು ಸಾಧ್ಯವಿಲ್ಲ. ಬೆಳಕೆಲ್ಲವೂ ಕಾಗದದ ಬಿಳುಪಿನಿಂದಲೇ ಬರಬೇಕು. ಆ ಬಿಳುಪನ್ನು ಎಲ್ಲಿ ಉಳಿಸಿಕೊಳ್ಳಬೇಕೆಂಬುದನ್ನು ಚಿತ್ರಗಾರನು ಮೊದಲೇ ನಿಶ್ಚಯಿಸಿರಬೇಕು. ಗೆರೆಗೆ ಬೇರೆ ಲೇಖನಿ ಬೇಕು. ಮದ್ಯಸಾರಕ್ಕೆ ಕರಗದ ಪುಡಿಬಣ್ಣದ ಮಸಿಯು ಇದಕ್ಕೆ ಯೋಗ್ಯವಾದುದು. ಜಪಾನಿನಲ್ಲಿ ೧೯೮೨ರಿಂದ ಬಂದ ಪಿಗ್ಮಾ ಮಸಿ ಆ ಬಗೆಯದು. ಹೀಗಾಗಿ ಒಂದೇ ಹಾಳೆಯ ಮೇಲೆ ಬಣ್ಣದ ಎರಡು ಕುಲಗಳೂ ಸೇರುತ್ತವೆ: ಗೆರೆ ಕಾವಿಯ ಕುಲದ್ದು, ಒಳಗಣ ಬಣ್ಣ ಅರಿಸಿನದ ಕುಲದ್ದು. ಬಿಸಿಲು ತಗಲುವ ಗೋಡೆಯ ಮೇಲೆ ಕೆಲವು ವರ್ಷ ತೂಗಿದ ಇಂತಹ ಚಿತ್ರದಲ್ಲಿ ಗೆರೆಯು ನೆಟ್ಟಗೆ ನಿಂತಿರುವುದು, ಗುಲಾಬಿ ನೇರಳೆಗಳು ಹೊರಟುಹೋಗಿರುವುವು.

೬

ಇದನ್ನು ಕಂಡು ಹಳೆಯ ಸಂಪ್ರದಾಯದವರು, ಮಾಸಿಹೋಗುವ ಬಣ್ಣದಿಂದ ಬರೆದದ್ದು ಚಿತ್ರವೇ ಅಲ್ಲವೆಂದು ವಾದಿಸುವುದುಂಟು. ಈ ವಾದ ಹೊಸದಲ್ಲ. ಜಲವರ್ಣವೂ ಒಮ್ಮೆ ಇದೇ ಅಪವಾದವನ್ನು ಹೊತ್ತಿದ್ದಿತು. ಇಂಗ್ಲೆಂಡಿನ ಮಹಾಚಿತ್ರಗಾರನಾದ ಟರ್ನರನು ಬೇಗ ಮಾಸುವ ಬಣ್ಣಗಳನ್ನು ತಿಳಿದೂ ತಿಳಿದೂ ಬಳಸುತ್ತಿದ್ದನು. ಬಣ್ಣದ ವ್ಯಾಪಾರಿಯಾದ ವಿನ್ಸರನು ಇದನ್ನು ಆಕ್ಷೇಪಿಸಿದಾಗ, ಬಣ್ಣವನ್ನು ಮಾಡುವುದು ನಿನ್ನ ಕೆಲಸ, ಬಳಸುವುದು ನನ್ನದು ಎಂಬ ಅರ್ಥದ ಉತ್ತರ ದೊರೆಯಿತೆಂದು ಕಥೆಯುಂಟು. ಟರ್ನರನು ೧೮೫೧ರಲ್ಲಿ ತೀರಿಕೊಂಡನು. ೧೮೮೬ರಲ್ಲಿ ಸಾರ್ವಜನಿಕ ಸಂಗ್ರಹಗಳಲ್ಲಿದ್ದ ಜಲವರ್ಣಚಿತ್ರಗಳು ಬೆಳಕಿನಿಂದ ಕೆಡುತ್ತಿವೆಯೆಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ದೊಡ್ಡ ವಿವಾದವೆದ್ದಿತು. ರಸ್ಕಿನ್ ಮಹಾಶಯನೂ ಅದರಲ್ಲಿ ಇಳಿದನು.

ವಿವಾದ ಬಗೆಹರಿಯಲೆಂದು ಸರ್ಕಾರವು ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳಿಗೆ ಪರೀಕ್ಷೆಯನ್ನು ವಹಿಸಿತು. ಅವರು ಬಣ್ಣ ಬಳಿದ ಕಾಗದದ ಪಟ್ಟಿಗಳನ್ನು ಗಾಜಿನ ನಳಿಗೆಗಳಲ್ಲಿಟ್ಟು ತಿಂಗಳುಗಟ್ಟಲೆ ಬಿಸಿಲಿಗೆ ಒಡ್ಡಿ ೧೮೮೮ರಲ್ಲಿ ವರದಿಯನ್ನು ಒಪ್ಪಿಸಿದರು. ಮಾಸುವಿಕೆಗೆ ಬೆಳಕಿನಲ್ಲಿರುವ ನೀಲಿನೇರಳೆಯ ಭಾಗವೇ ಮುಖ್ಯ ಕಾರಣವೆಂದೂ, ಗಾಳಿ ಮತ್ತು ತೇವ ಅದಕ್ಕೆ ಸಹಾಯಕರೆಂದೂ, ಗಾಳಿಯನ್ನು ತೆಗೆದ ನಳಿಗೆಯಲ್ಲಿ ಬಹುತೇಕ ಬಣ್ಣಗಳು ಕೆಡಲಿಲ್ಲವೆಂದೂ ಅವರು ಕಂಡುಕೊಂಡರು. ಬಣ್ಣದ ಬಾಳಿಕೆಯು ಅಭಿಪ್ರಾಯದ ವಿಷಯವಾಗಿದ್ದುದು ತಪ್ಪಿ ಅಳತೆಯ ವಿಷಯವಾಯಿತು. ಇಂದು ಅದಕ್ಕೆ ಎಂಟು ನೀಲಿ ಉಣ್ಣೆಯ ಪಟ್ಟಿಗಳ ಒಂದು ಮಾನವುಂಟು. ಮೊದಲನೆಯ ಪಟ್ಟಿ ಎಲ್ಲಕ್ಕಿಂತ ಬೇಗ ಮಾಸತಕ್ಕದ್ದು, ಎಂಟನೆಯದು ಎಲ್ಲಕ್ಕಿಂತ ತಡವಾಗಿ. ಪರೀಕ್ಷಿಸಬೇಕಾದ ಬಣ್ಣವನ್ನು ಇವುಗಳೊಡನೆ ಬೆಳಕಿಗಿಟ್ಟು, ಯಾವ ಪಟ್ಟಿಯೊಡನೆ ಮಾಸಿತೆಂದು ನೋಡಿ, ಅದರ ಸ್ಥಾನವನ್ನು ನಿರ್ಣಯಿಸುವರು.

ಕೃತಕ ಕರಗುಬಣ್ಣದಿಂದ ಬಂದ ನಷ್ಟಕ್ಕೆ ಪ್ರಸಿದ್ಧವಾದ ಉದಾಹರಣೆ ವ್ಯಾನ್ ಗೋನ ಚಿತ್ರಗಳು. ಇಯೋಸಿನ್ ಎಂಬ ಡಾಂಬರು ಬಣ್ಣದಿಂದ ಮಾಡಿದ ಹೊಳೆಯುವ ಕೆಂಪು ಅವನಿಗೆ ಪ್ರಿಯವಾಗಿದ್ದಿತು. ಅದು ಮಾಸುವುದೆಂಬುದನ್ನು ಅವನು ಬಲ್ಲವನೇ. ತಮ್ಮನಿಗೆ ಬರೆದ ಪತ್ರಗಳಲ್ಲಿ ಇದರ ಪ್ರಸ್ತಾಪವಿದೆ. ೧೮೮೮ರಲ್ಲಿ ಆರ್ಲ್ ಎಂಬ ಊರಿನಲ್ಲಿ ಅವನು ಬರೆದ ಮಲಗುವ ಕೋಣೆಯ ಚಿತ್ರದಲ್ಲಿ ಇಂದು ಗೋಡೆಗಳು ನೀಲಿಯಾಗಿ ಕಾಣುತ್ತವೆ. ಅವನು ಬಳಿದುದು ನೇರಳೆ. ನೇರಳೆಯೊಳಗಿನ ಕೆಂಪು ಹೊರಟುಹೋಗಿ ನೀಲಿ ಮಾತ್ರ ಉಳಿಯಿತು. ಆ ನೀಲಿಯನ್ನೇ ಲೋಕವೆಲ್ಲವೂ ಅವನ ಉದ್ದೇಶವೆಂದು ನಂಬಿ ಕೊಂಡಾಡಿತು. ಹಾಗೆಂದು ಆ ಚಿತ್ರವನ್ನು ಚಿತ್ರವಲ್ಲವೆನ್ನುವವರು ಯಾರು?

೭

ಹೀಗಿರಲು ಮದ್ಯಸಾರದ ಬಣ್ಣವನ್ನು ಹೀಗಳೆಯುವುದೂ ನ್ಯಾಯವಲ್ಲ, ಅದನ್ನು ಕಣ್ಣುಮುಚ್ಚಿ ನಂಬುವುದೂ ವಿವೇಕವಲ್ಲ. ಅದು ಅಚ್ಚಿಗೆ ಹೋಗುವ ಚಿತ್ರಕ್ಕೆ ಹುಟ್ಟಿದ ಸಾಧನ. ಅಚ್ಚಾದ ಪುಟವೇ ಅದರ ನಿಜವಾದ ದೇಹ, ಮೂಲದ ಹಾಳೆ ಕೇವಲ ಮಾತೃಕೆ. ಆ ಮಾತೃಕೆಯನ್ನೇ ಕಲಾಕೃತಿಯೆಂದು ಕೊಳ್ಳುವವನಿಗೂ ಮಾರುವವನಿಗೂ ಅದರ ಸ್ವಭಾವ ತಿಳಿದಿರಬೇಕಾದುದು ಧರ್ಮ. ಬಾಳುವುದೆಂದು ಹೇಳಿ ಬಾಳದ ಬಣ್ಣವನ್ನು ಮಾರುವುದು ಕಲೆಯ ದೋಷವಲ್ಲ, ವ್ಯವಹಾರದ ದೋಷ.

ಉಳಿಸಿಕೊಳ್ಳುವ ಬಗೆಯನ್ನೂ ಟರ್ನರನ ಚಿತ್ರಗಳೇ ಕಲಿಸಿಕೊಟ್ಟಿವೆ. ಹೆನ್ರಿ ವಾನ್ ಎಂಬ ಸಂಗ್ರಹಕಾರನು ಟರ್ನರನ ೩೮ ಜಲವರ್ಣಚಿತ್ರಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಗೆ ಬಿಟ್ಟುಹೋದನು. ಅವು ೧೯೦೦ರಲ್ಲಿ ಎಡಿನ್‌ಬರೋ ನಗರವನ್ನು ಸೇರಿದುವು. ದಾನದೊಡನೆ ಅವನು ಒಂದು ಕರಾರನ್ನು ಹಾಕಿದ್ದನು: ವರ್ಷದಲ್ಲಿ ಜನವರಿ ತಿಂಗಳು ಮಾತ್ರ, ಆ ದೇಶದ ಬೆಳಕು ಅತ್ಯಂತ ಕ್ಷೀಣವಾಗಿರುವ ಕಾಲದಲ್ಲಿ, ಅವುಗಳನ್ನು ಜನರಿಗೆ ತೋರಿಸತಕ್ಕದ್ದು, ಉಳಿದ ಹನ್ನೊಂದು ತಿಂಗಳು ಕತ್ತಲೆಯಲ್ಲಿಡತಕ್ಕದ್ದು. ನೂರಕ್ಕೆ ಮಿಕ್ಕ ವರ್ಷಗಳಿಂದ ಜನವರಿಯ ಚಳಿಯಲ್ಲಿ ಜನರು ಆ ಚಿತ್ರಗಳನ್ನು ನೋಡಲು ಹೋಗುತ್ತಾರೆ; ಅವು ಇನ್ನೂ ತಾಜಾ ಆಗಿವೆ. ಈ ಕಾಲದ ವಸ್ತುಸಂಗ್ರಹಾಲಯಗಳೂ ಸೂಕ್ಷ್ಮವಾದ ಕಾಗದದ ಚಿತ್ರಗಳಿಗೆ ೫೦ ಲಕ್ಸ್ ಅಳತೆಯ ಮಂದವಾದ ಬೆಳಕನ್ನೇ ಮಿತಿಯಾಗಿ ಇಟ್ಟುಕೊಂಡಿವೆ. ನಡುಹಗಲ ಬಿಸಿಲಿನ ಬೆಳಕು ಒಂದು ಲಕ್ಷ ಲಕ್ಸಿನಷ್ಟಾಗುವುದೆಂಬುದನ್ನು ನೆನೆದರೆ ಈ ಮಿತಿಯ ಅರ್ಥ ತಿಳಿಯುವುದು.

ಚಿತ್ರವನ್ನು ತೋರಿಸುವುದು ಬೆಳಕು. ಅದನ್ನು ತಿನ್ನುವುದೂ ಬೆಳಕೇ. ಇವೆರಡರ ನಡುವೆ ನೋಡುವವನು ಎಷ್ಟು ನೋಡಬೇಕು, ಎಷ್ಟು ಮುಚ್ಚಿಡಬೇಕು ಎಂಬ ಲೆಕ್ಕವನ್ನು ಹಾಕಿಕೊಳ್ಳಲೇಬೇಕು. ಮನೆಯ ಮಗಳೊಬ್ಬಳು ಈ ಲೇಖನಿಗಳಿಂದ ಅಜ್ಜಿಯ ಚಿತ್ರವನ್ನು ಬರೆದರೆ ಮೆಚ್ಚಿದ ಹಿರಿಯರು ಕಟ್ಟುಹಾಕಿಸಿ ಕಿಟಕಿಯ ಎದುರು ಗೋಡೆಗೆ ತೂಗುಹಾಕುವರು. ಪ್ರೀತಿಯಿಂದ ಮಾಡಿದ ಆ ಕೆಲಸವೇ ಚಿತ್ರಕ್ಕೆ ಮುಳುವಾಗುವುದು. ಕೆಲವು ವರ್ಷಗಳಲ್ಲಿ ಅಜ್ಜಿಯ ಸೀರೆಯ ಕೆಂಪು ಗೋಡೆಗೂ ಬೇಡವಾಗಿ ಹೋಗಿರುವುದು. ಅದರ ಒಂದು ಪ್ರತಿಯನ್ನು ತೆಗೆದು ಗೋಡೆಗೆ ಹಾಕಿ, ಮೂಲವನ್ನು ಪುಸ್ತಕದ ನಡುವೆಯೋ ಪೆಟ್ಟಿಗೆಯಲ್ಲಿಯೋ ಕತ್ತಲೆಯಲ್ಲಿಟ್ಟು, ಹಬ್ಬದ ದಿನ ಹೊರತೆಗೆದು ಎಲ್ಲರೂ ಕೂಡಿ ನೋಡಿದರೆ ಆ ಕೆಂಪು ಬಹುಕಾಲ ನಿಲ್ಲುವುದು. ದೇವರ ಪೆಟ್ಟಿಗೆಯ ಒಡವೆಯನ್ನೂ ಮದುವೆಯ ಸೀರೆಯನ್ನೂ ಹಾಗೆಯೇ ಕಾಪಾಡಿಕೊಂಡು ಬಂದಿರುವ ಮನೆಗಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.